ಸನ್ಮತಿ ಸರ್ ಮಾಡಿಸಿದ ಕೊನೆಯ ಕಾರ್ಡು

ಹಾರೂಗೇರಿಯ ಆ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಸನ್ಮತಿ ಸರ್ ಹೊತ್ತು ಮುಳುಗುವ ಮುಂಚೆಯೇ ಮನೆಗೆ ಹೊರಡುವುದು ಎಲ್ಲರಿಗೂ ರೂಢಿಯಾಗಿತ್ತು. ಜೈನರು, ದೀಪ ಹಚ್ಚಿದ ಮೇಲೆ ಉಣ್ಣುವುದಿಲ್ಲ, ಹೋಗಲಿ ಎನ್ನುತ್ತಿದ್ದರು. ಮೊದಲು ಇಷ್ಟು ಕಟ್ಟುನಿಟ್ಟು ಇರಲಿಲ್ಲವಲ್ಲ, ತಲೆ ಬೆಳ್ಳಗಾದಂತೆ ಪುಣ್ಯದ ಚಿಂತೆ ಹತ್ತಿತೇನೋ ಎಂದು ಬೆನ್ನ ಹಿಂದೆ ಚೇಷ್ಟೆಯೂ ನಡೆಯುತ್ತಿತ್ತು. ಕಿವಿಗೆ ಬಿದ್ದರೂ ಅವರು ನಕ್ಕು ಸುಮ್ಮನಾಗುತ್ತಿದ್ದರು. ಆ ಮಾತು ಅವರಿಗೆ ಒಳ್ಳೆಯ ಮರೆಯಾಗಿತ್ತು.

ಮರೆ ಸರಿದದ್ದು ಮನೀಷಾಳ ಮುಂದೆ ಮಾತ್ರ. ಅವಳು ಕಂಪ್ಯೂಟರ್ ಕೋಣೆಯ ಸಹಾಯಕಿ. ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ ದಿನಾ ಮುಗಳಖೋಡದಿಂದ ಬಸ್ಸಿಗೆ ಬರುವಾಕೆ. ಇವತ್ತಿದ್ದು ನಾಳೆ ಇಲ್ಲ ಎನ್ನುವಂಥ ಗುತ್ತಿಗೆ ಕೆಲಸ. ಶ್ರಾವಣದ ಒಂದು ಮೋಡದ ಸಂಜೆ ಕರೆಂಟು ಹೋದಾಗ, ಸರ್ ಬಾಗಿಲೆಂದುಕೊಂಡು ಕಿಟಕಿಯ ಸರಳು ತಡಕುತ್ತಿದ್ದುದನ್ನು ಕಂಡಳು. ಅವರ ಊಟದ ಡಬ್ಬಿ ಎತ್ತಿಕೊಂಡು, ಚಪ್ಪಲಿಯನ್ನು ಬೇಕೆಂದೇ ಪಟಪಟ ಬಡಿಯುತ್ತ ಮುಂದೆ ನಡೆದಳು. ಆ ಸಪ್ಪಳ ಹಿಡಿದು ಅವರು ಗೇಟಿನವರೆಗೆ ಬಂದರು.

ಮರುದಿನ ಅವರೇ ಹೇಳಿದರು. ಮಿರಜಿನ ಡಾಕ್ಟರು ಈ ಕಣ್ಣಿನ ರೋಗಕ್ಕೆ ಔಷಧಿಯಿಲ್ಲ ಎಂದಿದ್ದಾರೆ. ಮೊದಲು ಇರುಳಿನ ನೋಟ ಹೋಗುತ್ತದೆ, ಆಮೇಲೆ ಹಗಲಿನದು. ನಿವೃತ್ತಿಗೆ ಎರಡು ವರ್ಷ ಉಳಿದಿದೆ, ಅಲ್ಲಿಯವರೆಗೆ ಯಾರಿಗೂ ತಿಳಿಯಬಾರದು. ಮನೀಷಾ ತಲೆಯಾಡಿಸಿದಳು. ಅದು ಅವರಿಗೆ ಕಂಡಿರಲಿಕ್ಕಿಲ್ಲ ಎನಿಸಿ, "ಆತ್ರಿ ಸರ್ರ," ಎಂದಳು.

ಆ ಕಂಪ್ಯೂಟರ್ ಕೋಣೆಯನ್ನು ಉಳಿಸಿದವರೇ ಅವರು. ಧೂಳಿಗೂ ಏರಿಳಿಯುವ ಕರೆಂಟಿಗೂ ಕಂಪ್ಯೂಟರುಗಳ ಡಿಸ್ಕುಗಳು ಒಂದರ ಹಿಂದೊಂದು ಕೆಟ್ಟು, ಎಲ್ಲವನ್ನೂ ಗುಜರಿಗೆ ಹಾಕುವ ಮಾತು ಬಂದಿತ್ತು. ಸರ್ ಕೆಟ್ಟ ಡಿಸ್ಕು ಕಿತ್ತೆಸೆದು, ಮೂಲೆಯ ಒಂದೇ ಸರ್ವರಿನಿಂದ ಎಲ್ಲವೂ ನೆಟ್‌ವರ್ಕಿನ ಮೂಲಕ ಏಳುವ ಹಾಗೆ ಮಾಡಿದರು. ಹಳೆಯ ಯಂತ್ರಗಳಿಗೆ ಸರ್ವರಿನ ದಾರಿ ತಾವಾಗಿ ತಿಳಿಯದು. ಅದಕ್ಕೇ ಪ್ರತಿಯೊಂದರ ಬೆನ್ನಿಗೂ ಒಂದು ಫ್ಲ್ಯಾಶ್ ಕಾರ್ಡು, ಅದರೊಳಗೆ ಹಿಡಿಯಷ್ಟು ಲಿನಕ್ಸ್ ತಂತ್ರಾಂಶ. ಗುಂಡಿ ಒತ್ತಿದರೆ ಕಾರ್ಡು ಎಚ್ಚೆತ್ತು, ಸರ್ವರನ್ನು ಹುಡುಕಿ, ಯಂತ್ರವನ್ನು ಅದರ ಕೈಗೆ ಒಪ್ಪಿಸುತ್ತಿತ್ತು. ವಿದ್ಯಾರ್ಥಿಗಳು ಮಾಡಿದ ಕೆಲಸವೆಲ್ಲ ಸರ್ವರಿನ ಡಿಸ್ಕಿನಲ್ಲೇ ಕೂಡಿಬೀಳುತ್ತಿತ್ತು.

ಕಾರ್ಡು ಕೆಟ್ಟರೆ ಹೊಸದನ್ನು ಬರೆಯಬೇಕು. ಸರ್ವರಿಗೆ ಅದನ್ನು ಸಿಕ್ಕಿಸಿದರೆ ಪರದೆಯ ಮೇಲೆ ಎರಡು ಸಾಲು ಬರುತ್ತವೆ: ಒಂದು ಸರ್ವರಿನ ಸ್ವಂತ ಡಿಸ್ಕು, ಇನ್ನೊಂದು ಕಾರ್ಡು. ಯಾವುದರ ಮೇಲೆ ಬರೆಯಬೇಕೆಂದು ಹೇಳಿ ಒತ್ತಿದರೆ ಮುಗಿಯಿತು, ಖರೆಯೇ ಎಂದು ಯಂತ್ರ ತಿರುಗಿ ಕೇಳುವುದಿಲ್ಲ. ಇದ್ದದ್ದನ್ನು ಅಳಿಸಿಯೇ ಬರೆಯುತ್ತದೆ. ಸರ್ ಅಕ್ಷರಗಳನ್ನು ಹೆಬ್ಬೆರಳ ಗಾತ್ರ ಮಾಡಿಕೊಂಡು ಓದುತ್ತಿದ್ದರು. ಆದರೂ ತಿಳಿಯದಿದ್ದರೆ ಮನೀಷಾ ಮೇಜು ಒರೆಸುವ ನೆವದಲ್ಲಿ ಪಕ್ಕಕ್ಕೆ ಬಂದು ಮೆಲ್ಲಗೆ ಓದಿ ಹೇಳುತ್ತಿದ್ದಳು.

ಕೊನೆಯ ವರ್ಷದವರ ಪರೀಕ್ಷೆಯ ಹಿಂದಿನ ದಿನ ಒಂದು ಯಂತ್ರ ಏಳಲಿಲ್ಲ. ಅದರ ಕಾರ್ಡು ಕೆಟ್ಟಿತ್ತು. ಬೆಳಿಗ್ಗೆ ಹೊರಗಿನ ಪರೀಕ್ಷಕರು ಬರುವವರಿದ್ದರು. ಪ್ರಾಚಾರ್ಯ ಬಾಪುಸಾಹೇಬರು ಸಂಜೆ ತಾವೇ ಬಂದು ನಿಂತರು. ನಾಳೆ ಬೇಗ ಬಂದು ಮಾಡಿಕೊಡುತ್ತೇನೆ, ಊಟದ ಹೊತ್ತಾಯಿತು ಎಂದು ಸರ್ ಹೇಳಿ ನೋಡಿದರು.

"ದೇವರಿಗೆ ನಾ ಹೇಳ್ತೇನಿ, ಸನ್ಮತಿಯವರ. ಇವತ್ತೊಂದಿನ ಹೊತ್ತಾಗಿ ಉಣ್ಣರಿ."

ಸರ್ ಕುಳಿತರು. ಮನೀಷಾ ಕಾರ್ಡು ಸಿಕ್ಕಿಸಿದಳು. ಅಷ್ಟರಲ್ಲಿ ಕರೆಂಟು ಒಮ್ಮೆ ಹೋಗಿ ಬಂದು, ಸರ್ವರು ಮೊದಲಿನಿಂದ ಶುರುವಾಯಿತು. ಎಲ್ಲ ಯಂತ್ರಗಳೂ ಮತ್ತೆ ಎದ್ದ ಮೇಲೆ ಸರ್ ಕೆಲಸಕ್ಕೆ ಕೈಹಾಕಿದರು. ಬಾಪುಸಾಹೇಬರು ಬೆನ್ನಿಗೇ ನಿಂತಿದ್ದರಿಂದ ಅಕ್ಷರ ದೊಡ್ಡದು ಮಾಡಲಿಲ್ಲ. ಕಾರ್ಡು ಯಾವಾಗಲೂ ಎರಡನೆಯ ಸಾಲಿನಲ್ಲಿರುತ್ತಿತ್ತು. ಆ ರೂಢಿಯ ಮೇಲೆಯೇ ಅವರ ಬೆರಳು ಓಡಿತು.

ಮನೀಷಾಗೆ ಕಂಡಿತು. ಕಾರ್ಡು ಒಳಗಿರುವಾಗಲೇ ಸರ್ವರು ಶುರುವಾದ್ದರಿಂದ ಸಾಲುಗಳು ಅದಲುಬದಲಾಗಿದ್ದವು. ಎರಡನೆಯದು ಸರ್ವರಿನ ಡಿಸ್ಕು. ಈಗ ಹೇಳಿದರೆ, ಅದು ನಿಮಗೆ ಕಾಣಲಿಲ್ಲವೇ ಎಂದು ಬಾಪುಸಾಹೇಬರು ಸರ್ ಅವರನ್ನು ಕೇಳಿಯೇ ಕೇಳುತ್ತಾರೆ. ಮೇಜು ಒರೆಸುತ್ತಿದ್ದ ಅವಳ ಕೈ ನಿಂತಿತು, ಬಳೆಗಳ ಸದ್ದೂ. ಸರ್ ಅವರ ಬೆರಳೂ ತುಸು ನಿಂತಿತು. ಆಮೇಲೆ ಒತ್ತಿತು.

ಸಾಲಾಗಿ ಹೊತ್ತಿದ್ದ ಪರದೆಗಳು ಒಂದೊಂದಾಗಿ ಕಲ್ಲಾದವು. ಮನೀಷಾ ಓಡಿ ಸರ್ವರಿನ ವಾಯರು ಕಿತ್ತಳು, ಅಷ್ಟರಲ್ಲಿ ಆಗುವುದು ಆಗಿತ್ತು. ದೀಪಾವಳಿಯವರೆಗಿನದಕ್ಕೆ ಬೇರೆ ಡಿಸ್ಕಿನಲ್ಲಿ ಒಂದು ನಕಲಿತ್ತು. ಅಲ್ಲಿಂದೀಚೆಗೆ ವಿದ್ಯಾರ್ಥಿಗಳು ಮಾಡಿದ್ದು ಯಾವುದೂ ಉಳಿಯಲಿಲ್ಲ.

ಬಾಪುಸಾಹೇಬರಿಗೆ ಯಂತ್ರಗಳು ತಿಳಿಯುತ್ತಿರಲಿಲ್ಲ. ಮನುಷ್ಯರಲ್ಲಿ ಯಾರು ಅಗ್ಗ ಎಂಬುದು ಚೆನ್ನಾಗಿ ತಿಳಿಯುತ್ತಿತ್ತು.

"ಕಾರ್ಡ ಹಾಕಿದಾಕಿ ಈಕಿ ಅಲ್ಲಾ? ನಾಳಿಂದ ಬರೂದ ಬ್ಯಾಡ ನೀ."

ಮನೀಷಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು. ಕುರ್ಚಿ ಸರಿಸಿ ಎದ್ದವರು ಸನ್ಮತಿ ಸರ್.

"ತಪ್ಪ ನಂದ್ರಿ. ನನಗ ಕಣ್ಣ ಕಾಣಂಗಿಲ್ಲ."

ಬಾಪುಸಾಹೇಬರು ನಂಬದೆ ಅವರ ಮುಖದ ಮುಂದೆ ಕೈ ಬೀಸಿ ನೋಡಿದರು. ಆ ಮಬ್ಬು ಬೆಳಕಿನಲ್ಲಿ ಸರ್ ರೆಪ್ಪೆ ಮಿಟುಕಿಸಲಿಲ್ಲ. ಬಾಪುಸಾಹೇಬರು ಹೊರಗೆ ಹೋದರು.

ಪರೀಕ್ಷೆ ಮುಂದೆ ಹೋಯಿತು. ಹುಡುಗರು ಬೈದುಕೊಳ್ಳುತ್ತಲೇ ಎಲ್ಲವನ್ನೂ ಮತ್ತೆ ಮಾಡಲು ಅಣಿಯಾದರು. ಕೋಮಲ ಎಂಬ ಹುಡುಗಿಯ ಮದುವೆ ಗೊತ್ತಾಗಿತ್ತು. ಮತ್ತೆ ಮಾಡಲು ಅವಳಿಗೆ ಪುರುಸೊತ್ತು ಸಿಗಲಿಲ್ಲ. ಪರೀಕ್ಷೆ ಬಿಟ್ಟು ಅಥಣಿ ಕಡೆಗೆ ಗಂಡನ ಮನೆಗೆ ಹೋದಳು. ಆ ಸುದ್ದಿಯನ್ನು ಮನೀಷಾ ಸರ್‌ಗೆ ಹೇಳದೆ ಬಿಡಬಹುದಿತ್ತು. ಹೇಳಿದಳು. ಅವರು ಬಹಳ ಹೊತ್ತು ಕನ್ನಡಕ ಒರೆಸುತ್ತ ಕುಳಿತರು.

ಕೋಣೆ ಮತ್ತೆ ನಡೆಯುವಂತೆ ಮಾಡಿಕೊಟ್ಟು ಮನೆಗೆ ಹೋಗಿ ಎಂದು ಆಡಳಿತ ಮಂಡಳಿಯವರು ಅವರಿಗೆ ತಿಳಿಸಿದ್ದರು. ಮನೀಷಾಳ ಕೆಲಸ ಉಳಿಯಿತು. ಸರ್ ಹೋದ ಮೇಲೆ ಆ ಕೋಣೆಯ ಕೆಲಸ ತಿಳಿದವರು ಒಬ್ಬರಾದರೂ ಬೇಕಿತ್ತಲ್ಲ.

ಹಗಲು ಬೆಳಕಿನಲ್ಲಿ ಸರ್ ಹೇಳುತ್ತ ಹೋದರು, ಅವಳು ಒತ್ತುತ್ತ ಹೋದಳು. ಸರ್ವರು ಸಿದ್ಧವಾಯಿತು. ಅದರ ಹೊಸ ವಿಳಾಸ ಎಲ್ಲ ಕಾರ್ಡುಗಳಿಗೂ ಬರೆಯಬೇಕಿತ್ತು. ಕೊನೆಯ ಕಾರ್ಡು ಸಿಕ್ಕಿಸಿದಾಗ ಸರ್ ಮೆಲ್ಲಗೆ ಕೇಳಿದರು.

"ಅವತ್ತ ನಿನಗ ಕಂಡಿತ್ತಲ್ಲಾ, ತಂಗಿ?"

"ಕಂಡಿತ್ರಿ."

"ನಿನ್ನ ಕೈಬಳಿ ಸಪ್ಪಳ ನಿಂತಿತ್ತು. ಏನೋ ತಪ್ಪೈತಿ ಅಂತ ಗೊತ್ತಾತು ನನಗ. ಅವರ ಮುಂದ ನಿನ್ನ ಹೆಂಗ ಕೇಳ್ಲಿ ಅಂತ ಒತ್ತಿಬಿಟ್ಟೆ."

ಮನೀಷಾ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. ಸರ್ ಅದರ ಮೇಲೆ ಇದ್ದದ್ದನ್ನು ಇದ್ದ ಹಾಗೆ ಓದಲು ಹೇಳಿದರು. ಅವಳು ಎರಡೂ ಸಾಲು ಗಟ್ಟಿಯಾಗಿ ಓದಿದಳು. ಅಳತೆ ಸಣ್ಣದಿರುವುದೇ ಕಾರ್ಡು ಎಂದರು ಸರ್. ಒತ್ತಿದಳು.

ಕಾರ್ಡುಗಳನ್ನೆಲ್ಲ ಸಿಕ್ಕಿಸಿ ಗುಂಡಿಗಳನ್ನು ಒತ್ತುತ್ತ ಬಂದಳು. ಫ್ಯಾನುಗಳು ಗುಂಯ್ಗುಟ್ಟಿದವು. ಸರ್ ಕಿವಿಗೊಟ್ಟು ಕುಳಿತಿದ್ದರು.

"ಎಲ್ಲಾ ಎದ್ದುವಾ?"

ಎದ್ದವು ಎಂದಿದ್ದರೆ ಆ ಮನುಷ್ಯ ನೆಮ್ಮದಿಯಿಂದ ಹೋಗುತ್ತಿದ್ದ.

"ಇಲ್ರಿ ಸರ್ರ. ಕಿಟಕಿ ಕಡೆ ಎರಡ ಎದ್ದಿಲ್ಲ."

"ಅವನ್ನ ನಾಳೆ ನೀನ ಮಾಡು," ಎಂದು ಅವರು ಹೊಸದಾಗಿ ಹಿಡಿದ ಕೋಲು ತಡಕಿದರು.

ಹೊರಗೆ ಹೊತ್ತು ಇಳಿಯುತ್ತಿತ್ತು. ಮನೀಷಾ ಡಬ್ಬಿ ಎತ್ತಿಕೊಂಡು ಎಂದಿನಂತೆ ಚಪ್ಪಲಿ ಬಡಿಯುತ್ತ ಮುಂದಾದಳು. ಹಿಂದೆ ಹೆಜ್ಜೆ ಕೇಳಲಿಲ್ಲ. ತಿರುಗಿ ನೋಡಿದರೆ ಸರ್ ಬಾಗಿಲಲ್ಲೇ ನಿಂತು ಕೈ ಮುಂದೆ ಚಾಚಿದ್ದರು.

"ಇನ್ನ ಸಪ್ಪಳ ಮಾಡೂದ್ಯಾಕ," ಎಂದರು. "ಎಲ್ಲಾರಿಗೂ ಗೊತ್ತಾಗೇತಿ. ರಟ್ಟಿ ಹಿಡಕೋ."

ಮನೀಷಾ ಹಿಂದೆ ಬಂದು ಅವರ ತೋಳು ಹಿಡಿದಳು.