ಅಳಿಸಿದರೂ ಹೋಗದ ಬಿಲ್ಲು

ಕಂಪ್ಯೂಟರ್ ಮುಂದಿನ ಕುರ್ಚಿ ಇವತ್ತು ಕೈತಪ್ಪಿತು ಗೆಳೆಯರೇ, ಅದೂ ನನ್ನ ಬಾಯಿಂದಲೇ.

ಮತ್ತಿಗಿರಿಯ ನಮ್ಮ ಪೈಪ್ ಅಂಗಡಿಗೆ ಬೆಂಗಳೂರಿನಿಂದ ಒಬ್ಬ ಲ್ಯಾಪ್‌ಟಾಪ್ ಹಿಡಿದು ಬಂದಿದ್ದ. ಇಂಟರ್‌ನೆಟ್ಟಿನಲ್ಲೇ ಲೆಕ್ಕ ಬರೆಯುವ ಸಾಫ್ಟ್‌ವೇರ್ ಮಾರುವವನು. ಅದನ್ನು ಕೊಂಡರೆ ಕಂಪ್ಯೂಟರ್ ಮುಂದೆ ನನ್ನನ್ನೇ ಕೂರಿಸುವುದಾಗಿ ಯಜಮಾನರು ಮಾತು ಕೊಟ್ಟಿದ್ದರು. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟು ಪೈಪ್ ಹೊರುತ್ತಿರುವ ನನಗೆ ಬೆಳಿಗ್ಗೆಯಿಂದ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

"ಕೃಷ್ಣಗಿರೀಲಿರೋ ನಿಮ್ಮ ಆಡಿಟರ್ ಅಲ್ಲಿಂದಾನೇ ದಿನಾ ಲೆಕ್ಕ ನೋಡ್ಬೋದು ಸಾರ್" ಎಂದ ಅವನು.

ಯಜಮಾನರ ಮುಖ ಸಣ್ಣಗಾಯಿತು. "ಅವ್ರು ದಿನಾ ಯಾಕಪ್ಪಾ ನೋಡ್ಬೇಕು? ಬ್ಯಾಡದ ಬಿಲ್ಲು ಅಳಿಸ್ಬುಡಬೋದಾ?"

"ಒಂದೇ ಕ್ಲಿಕ್ ಸಾರ್. ಸುಳಿವೇ ಇರಲ್ಲ."

ನಾನು ಸುಮ್ಮನಿದ್ದಿದ್ದರೆ ಮುಗಿದಿತ್ತು. ಆದರೆ ವಾರವೆಲ್ಲ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಅದೇ ಸಾಫ್ಟ್‌ವೇರನ್ನು ಪುಕ್ಕಟೆ ಓಡಿಸಿ ನೋಡಿದ್ದೆ.

"ಇರ್ತದೆ ಅಣ್ಣಾ. ಯಾರು, ಯಾವಾಗ ಅಳಿಸಿದ್ರು ಅಂತ ಹೆಸರು ಸಮೇತ ಉಳ್ಕಂತದೆ. ನಾನೇ ಅಳ್ಸಿ ನೋಡಿವ್ನಿ."

ಬಂದವನು ಲ್ಯಾಪ್‌ಟಾಪ್ ಮುಚ್ಚಿ ನನ್ನನ್ನು ನುಂಗುವಂತೆ ನೋಡಿದ. ಯಜಮಾನರು ಅವನನ್ನು ಬಿಟ್ಟು ನನ್ನ ಮೇಲೆ ತಿರುಗಿದರು.

"ನಿನ್ನ ಯಾರ್ಲಾ ಕೇಳಿದ್ದು? ದೊಡ್ಡ ಹರಿಶ್ಚಂದ್ರ! ಹೋಗ್ಲಾ, ಲೋಡ್ ಇಳ್ಸೋಗು."

ಸಂಜೆ ಅಂಗಡಿಗೆ ಹೊಸ ಬಿಲ್ ಪುಸ್ತಕ ಬಂತು. ಕಾಗದದ್ದು, ಹರಿದರೆ ಹೋಯಿತು.

ನಾಳೆ ಕೇಳಿದರೂ ನಾನು ಅದನ್ನೇ ಹೇಳುವವನು. ಆದರೂ ಯಜಮಾನರ ತಲೆಯಿಂದ ನನ್ನ ಇವತ್ತಿನ ಮಾತನ್ನು ಅಳಿಸುವ ಕ್ಲಿಕ್ ಎಲ್ಲಿದೆಯೆಂದು ಯಾರಿಗಾದರೂ ಗೊತ್ತಿದ್ದರೆ ಹೇಳ್ರಪ್ಪಾ, ಭುಜ ನೋಯುತ್ತಿದೆ.