ಮೆಟ್ಟಿಲ ಹಾಡಿಗೆ ಬಂದ ಚೀಟಿ

ನಂಜನಗೂಡಿನಲ್ಲಿ ನನ್ನದೊಂದು ಹಿಟ್ಟಿನ ಮಿಲ್ಲಿದೆ. ಹೊಟ್ಟೆಗೆ ಅದೇ ಆಧಾರ. ಆದರೆ ಊರಿನ ಹಳಬರು ನನ್ನನ್ನು ಗುರುತಿಸುವುದು ಡ್ರಮ್ ಬಾರಿಸುವವನು ಅಂತ. ನಮ್ಮಣ್ಣ ಪ್ಯಾಂಟು ಹೊಲಿಯುವ ಟೈಲರ್. ಅವನನ್ನು ಗುರುತಿಸುವುದು ಗಿಟಾರಿನವನು ಅಂತ. ಮೀಸೆ ಮೂಡುವ ಕಾಲಕ್ಕೆ ನಾವು ನಾಲ್ವರು ಸೇರಿ ಕಟ್ಟಿದ ಆರ್ಕೆಸ್ಟ್ರಾದಲ್ಲಿ ಈಗ ಉಳಿದಿರುವುದು ಮೂವರು: ಅಣ್ಣ, ನಾನು, ಮತ್ತು ತಾಂಡವಪುರದಿಂದ ಬರುವ ಕೀಬೋರ್ಡಿನವನು.

ಬೇರೆ ಆರ್ಕೆಸ್ಟ್ರಾಗಳು ಸಿನಿಮಾ ಹಾಡಷ್ಟೇ ನುಡಿಸುತ್ತಿದ್ದವು. ನಮ್ಮಲ್ಲಿ ಅಣ್ಣ ತಾನೇ ಹಾಡು ಕಟ್ಟುತ್ತಿದ್ದ. ಅಳತೆ ಬರೆಯುವ ಪುಸ್ತಕದಲ್ಲಿ ಸೊಂಟ ಇಷ್ಟು, ಉದ್ದ ಇಷ್ಟು ಎಂದು ಬರೆದ ಹಾಳೆಯ ಹಿಂದೆಯೇ ಹಾಡಿನ ಸಾಲು ಇರುತ್ತಿತ್ತು. ಅವುಗಳಲ್ಲಿ ಒಂದು ಹಾಡು ಸುತ್ತಮುತ್ತ ಹೆಸರಾಯಿತು. 'ಬೆಳಗಿನ ಪ್ಯಾಸೆಂಜರ್' ಅಂತ. ತಾಂಡವಪುರದಲ್ಲಿ ರೈಲು ಹತ್ತಿದ ಹುಡುಗಿ ಮೈಸೂರು ಬರುವ ತನಕ ಹುಡುಗನ ಕಡೆ ಒಮ್ಮೆಯೂ ತಿರುಗಿ ನೋಡದ ಕತೆ ಅದರಲ್ಲಿದೆ. ನಡುವೆ ಗಿಟಾರು, ಕೀಬೋರ್ಡು ಎಲ್ಲ ನಿಂತುಹೋಗಿ ನನ್ನ ಡ್ರಮ್ ಒಂದೇ ರೈಲು ಓಡಿಸುತ್ತದೆ. ಆಗ ಬೀಳುವ ಸಿಳ್ಳೆ ಇದೆಯಲ್ಲ, ಅದನ್ನು ಕೇಳಿ ಕೇಳಿ ನನಗೆ ಅರವತ್ತಾಯಿತು.

ಅಣ್ಣನಿಗೆ ಅರವತ್ತನಾಲ್ಕು. ಮೂರು ವರ್ಷದ ಹಿಂದೆ ಅವನು ಹೊಸದೊಂದು ಹಾಡು ತಂದ. ಚಿಕ್ಕಂದಿನಿಂದ ಕಪಿಲೆಗೆ ಓಡಿ ಇಳಿಯುತ್ತಿದ್ದವನು ಈಗ ಮೆಟ್ಟಿಲ ಮೇಲೆ ನಿಂತು ಕೆಳಗಿನ ನೀರು ನೋಡುವ ಹಾಡು. 'ಮೆಟ್ಟಿಲು ಅವೇ, ಇಳಿಯೋನೂ ಅವನೇ, ಮೊಣಕಾಲು ಮಾತ್ರ ಯಾರದೋ' ಎಂದು ಶುರುವಾಗುತ್ತಿತ್ತು. ಮೊದಲ ಸಲ ಕೇಳಿದಾಗ ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ಎದ್ದು ಒಳಗೆ ಹೋದರು.

ನನಗೆ ಆ ಹಾಡು ಬರಲಿಲ್ಲ. ಅದರಲ್ಲಿ ಡ್ರಮ್ಮಿಗೆ ಕೆಲಸ ಕಡಿಮೆ. ಒಂದು ಪೆಟ್ಟು ಹಾಕಿ ಸುಮ್ಮನಿರಬೇಕು, ಅಣ್ಣ ಒಂದು ಮೆಟ್ಟಿಲು ಇಳಿದ ಹಾಗೆ ಪದ ಬಿಟ್ಟ ಮೇಲೆ ಇನ್ನೊಂದು ಪೆಟ್ಟು. ಆ ಸುಮ್ಮನಿರುವ ಜಾಗ ನನ್ನ ಕೈಗೆ ಸಿಗುತ್ತಿರಲಿಲ್ಲ. ಅಣ್ಣನ ಹತ್ತಿರ ಬರಲಿಲ್ಲ ಎಂದು ಹೇಳಲು ನಾಚಿಕೆ. ಅದಕ್ಕೆ ಬೇರೆ ಮಾತು ಹಿಡಿದೆ. ನಮ್ಮ ವಯಸ್ಸಿನವರು ಹೊಸ ಹಾಡು ಮಾಡಬಾರದು, ಜನ ನಮ್ಮ ಹತ್ತಿರ ಬರುವುದು ಅವರ ಹಳೇ ದಿನ ನೆನೆಸಿಕೊಳ್ಳುವುದಕ್ಕೆ ಎಂದು ಎಲ್ಲರೆದುರೂ ಹೇಳತೊಡಗಿದೆ. ಕೇಳುವವರಿಗೆ ಅದು ಬುದ್ಧಿವಂತರ ಮಾತಿನಂತೆ ಕಾಣುತ್ತಿತ್ತು. ಹೇಳುತ್ತ ಹೇಳುತ್ತ ನನಗೂ ಹಾಗೇ ಕಂಡಿತು.

ಆ ವರ್ಷ ತಿ. ನರಸೀಪುರದಲ್ಲಿ ಆಟೋ ಓಡಿಸುವವರು ಸೇರಿ ರಾಜ್ಯೋತ್ಸವಕ್ಕೆ ನಮ್ಮನ್ನು ಕರೆಸಿದರು. ವ್ಯಾನಿನಲ್ಲಿ ಹೋಗುವಾಗಲೇ ಜಗಳ ಶುರುವಾಯಿತು.

"ಅಣ್ಣೋ, ಜನಕ್ಕೆ ಮಂಡಿನೋವಿನ್ ಹಾಡ್ ಹಾಕುದ್ರೆ ಔಸ್ದಿ ಅಂಗ್ಡಿಯೋರ್ ಬಂದು ಹಾರ ಹಾಕ್ತಾರೆ ಅಷ್ಟೆ," ಎಂದ ಕೀಬೋರ್ಡಿನವನು.

"ನಿನ್ ಮಂಡೀಗ್ ನೋವಿಲ್ವೇನ್ಲಾ? ವ್ಯಾನ್ ಹತ್ತುವಾಗ ಅಪ್ಪಾ ಅಮ್ಮಾ ಅಂದೋನ್ ಯಾವನು?" ಎಂದ ಅಣ್ಣ.

ನಾನು ನನ್ನ ಮಾತು ಮತ್ತೆ ಹೇಳಿದೆ. "ಅಣ್ಣಯ್ಯ, ಇನ್ನು ಹೊಸಾದ್ ಮಾಡದು ಬುಡು. ಪ್ಯಾಸೆಂಜರ್ ಇರಗಂಟ ನಮಗೇನು?"

ಅಣ್ಣ ಗಿಟಾರನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದ. "ಆ ಹಾಡು ಇಪ್ಪತ್ತೆಂಟ್ ಇಂಚ್ ಸೊಂಟದ ಹುಡುಗುನ್ ಪ್ಯಾಂಟು ಕಣ್ಲಾ. ಎಷ್ಟ್ ಸಲ ಬಿಚ್ಚಿ ಹೊಲ್ದು ಹಾಕ್ಕೊಳ್ಲಿ? ನನ್ ಅಳ್ತೆಗೂ ಒಂದು ಬೇಡ್ವಾ?" ಎಂದ. ಆಮೇಲೆ ಕಿಟಕಿ ಕಡೆ ತಿರುಗಿ, "ಇವತ್ತು ಹಾಡ್ತೀನಿ. ಇನ್ನೊಂದ್ ಸಲ ಹಾಡಿ ಅಂತ ಒಂದೇ ಒಂದ್ ಚೀಟಿ ಬಂದ್ರೂ ಸಾಕು. ಬರ್ನಿಲ್ಲ ಅಂದ್ರೆ ಹಾಡ್ ಕಟ್ಟದೇ ಬುಟ್ಬುಡ್ತೀನಿ," ಎಂದ.

ಯಾವ ಹಾಡು ಬೇಕೆಂದು ಜನ ಚೀಟಿಯಲ್ಲಿ ಬರೆದು ವೇದಿಕೆಗೆ ಕಳಿಸುವುದು ನಮ್ಮ ಕಡೆ ನಡೆದುಬಂದದ್ದು. ನಮ್ಮ ಆರ್ಕೆಸ್ಟ್ರಾದಲ್ಲಿ ಆ ಚೀಟಿಗಳು ಬರುವುದು ನನ್ನ ಕೈಗೆ. ಡ್ರಮ್ ಇರುವುದು ವೇದಿಕೆಯ ಹಿಂಬದಿಯಲ್ಲಿ, ಹತ್ತುವ ಏಣಿಯ ಪಕ್ಕ. ಅಣ್ಣ ಕನ್ನಡಕ ಹಾಕಿಕೊಂಡು ಜನರೆದುರು ನಿಲ್ಲುವುದಿಲ್ಲ. ನಾನೇ ಓದಿ, ಯಾವುದು ಮೊದಲು ಯಾವುದು ಆಮೇಲೆ ಎಂದು ಅವನ ಕಿವಿಗೆ ಹೇಳುತ್ತೇನೆ. ನಾನು ಓದಿದ ಓದು ಇವತ್ತಿಗೂ ಉಪಯೋಗಕ್ಕೆ ಬರುವುದು ಅದೊಂದಕ್ಕೇ.

ನಾಲ್ಕನೆಯದಾಗಿ ಅಣ್ಣ ಮೆಟ್ಟಿಲ ಹಾಡು ಹಾಡಿದ. ನಾನು ಎರಡು ಕಡೆ ತಪ್ಪಿದೆ. ಅವನು ಇನ್ನೂ ಮೇಲಿನ ಮೆಟ್ಟಿಲಲ್ಲಿ ಇರುವಾಗಲೇ ನಾನು ಕೆಳಗಿನದಕ್ಕೆ ಪೆಟ್ಟು ಹಾಕಿದೆ. ಜನ ಗಲಾಟೆ ಮಾಡಲಿಲ್ಲ, ಸಿಳ್ಳೆಯನ್ನೂ ಹಾಕಲಿಲ್ಲ. ಮುಂದಿನ ಸಾಲಿನಲ್ಲಿ ನಾಲ್ಕೈದು ಮಂದಿ ಚಪ್ಪಾಳೆ ತಟ್ಟಿದರು. ಆಮೇಲೆ ಏಣಿ ಹತ್ತಿ ಬಂದ ಆಟೋದವನೊಬ್ಬ ಒಂದು ಕಟ್ಟು ಚೀಟಿ ಕೊಟ್ಟುಹೋದ. ಎಲ್ಲದರಲ್ಲೂ ಪ್ಯಾಸೆಂಜರ್, ಪ್ಯಾಸೆಂಜರ್. ನಡುವೆ ನೋಟ್‌ಬುಕ್ಕಿನ ಒಂದು ಹಾಳೆ ಇತ್ತು.

'ನೀರಿನ ಮೆಟ್ಟಿಲ ಹಾಡು ಇನ್ನೊಂದು ಸಲ ಹಾಡಿ. ನಮ್ಮ ತಂದೆಯವರಿಗೆ ಬೇಕಂತೆ. ಹೆಮ್ಮಿಗೆ ಊರಿನವರು.'

ಅದನ್ನು ಎರಡು ಸಲ ಓದಿದೆ. ಇನ್ನೊಂದು ಸಲ ಅಂದರೆ ಅಷ್ಟು ಜನರೆದುರು ಇನ್ನೊಂದು ಸಲ ತಪ್ಪುವುದು. ಅಷ್ಟೇ ಅಲ್ಲ. ಆ ಹಾಡು ಜನರಿಗೆ ಹಿಡಿಸಿಬಿಟ್ಟರೆ ನನ್ನ ರೈಲನ್ನು ಯಾರು ಕೇಳುತ್ತಾರೆ ಎಂಬುದೂ ಇತ್ತು. ಹಾಳೆಯನ್ನು ಮಡಿಚಿ ಅಂಗಿಯ ಜೇಬಿಗೆ ಹಾಕಿಕೊಂಡೆ.

ಅಣ್ಣ ಹತ್ತಿರ ಬಂದು ಬಗ್ಗಿದ. "ಬಂತೇನ್ಲಾ?"

"ಇಲ್ಲ ಕಣಣ್ಣಯ್ಯ. ಎಲ್ಲಾ ಪ್ಯಾಸೆಂಜರ್‍ರೇ."

"ಸರಿ ಬುಡು," ಎಂದು ನನ್ನ ಬೆನ್ನು ತಟ್ಟಿ ಮುಂದೆ ಹೋದ. ಅವತ್ತು ನನಗೆ ಬಿದ್ದಷ್ಟು ಸಿಳ್ಳೆ ಹಿಂದೆಂದೂ ಬಿದ್ದಿರಲಿಲ್ಲ.

ಅಣ್ಣ ಹೇಳಿದ ಹಾಗೇ ಮಾಡಿದ. ಕೋಪವಿಲ್ಲ, ಮುನಿಸಿಲ್ಲ. ಮದುವೆ ಆರತಕ್ಷತೆಗಳಿಗೆ ಬಂದು ಹಳೆಯದನ್ನೇ ಹಾಡಿ ಹೋಗುತ್ತಿದ್ದ. ನನ್ನ ಮೊಮ್ಮಗಳ ಹುಟ್ಟುಹಬ್ಬಕ್ಕೆ ಲಂಗ ಹೊಲಿದು ತಂದ. ನನಗೆ ಶೀತವಾದರೆ ಫ್ಲಾಸ್ಕಿನಲ್ಲಿ ಮೆಣಸಿನ ಸಾರು ತರುತ್ತಿದ್ದ. ಪ್ಯಾಂಟಿನ ಅಳತೆ ಕೊಡಲು ಹೋದಾಗೆಲ್ಲ ನಾನು ಅವನ ಪುಸ್ತಕ ತಿರುವಿ ನೋಡುತ್ತಿದ್ದೆ. ಹಾಳೆಗಳ ಹಿಂದೆ ಏನೂ ಇರುತ್ತಿರಲಿಲ್ಲ. ಒಂದು ದಿನ ಅತ್ತಿಗೆಯೇ ಹೇಳಿದರು: "ಮೊದ್ಲು ಮಿಷನ್ ತುಳೀತಾ ಏನಾರ ಗುನುಗ್ತಿದ್ರು. ಈಗ ಬರೀ ಮಿಷನ್ ಸದ್ದೇಯ."

ಹೋದ ತಿಂಗಳು ಅಣ್ಣ ಮಿಲ್ಲಿಗೆ ಬಂದ. ರಾಗಿ ಬೀಸುತ್ತಿದ್ದೆ. ಮೈಯೆಲ್ಲ ಹಿಟ್ಟು.

"ಆರ್ಕೆಸ್ಟ್ರಾ ನಿಲ್ಲಿಸ್ಬುಡುವಾ ಕಣ್ಲಾ," ಎಂದ. "ಅದೇ ರೈಲು ಎಷ್ಟ್ ಸಲ ಅಂತ ಹತ್ತದು? ಹಾಡುವಾಗ ಈಗ ನಂಗೆ ಏನೂ ಅನ್ಸದೇ ಇಲ್ಲ."

ನಾನು ಮಿಲ್ಲು ನಿಲ್ಲಿಸಿದೆ. ಬೆಲ್ಟು ಸುತ್ತುವುದು ಪೂರ್ತಿ ನಿಲ್ಲುವವರೆಗೆ ಕಾದು, ಎಲ್ಲವನ್ನೂ ಹೇಳಿದೆ. ಹೆಮ್ಮಿಗೆಯ ಚೀಟಿ, ಜೇಬು, ನನ್ನ ಸಿಳ್ಳೆಯ ಆಸೆ, ಎಲ್ಲ. ಆ ಹಾಳೆ ಬಟ್ಟೆ ಒಗೆಯುವಾಗ ಜೇಬಿನಲ್ಲೇ ಮುದ್ದೆಯಾಗಿ ಹೋದದ್ದನ್ನೂ ಹೇಳಿದೆ.

ಅಣ್ಣ ರಾಗಿ ಚೀಲದ ಮೇಲೆ ಕೂತ. "ಏನ್ ಬರ್ದಿದ್ರು? ಸರ್ಯಾಗ್ ಹೇಳು," ಎಂದ. ಹೇಳಿದೆ. "ಅವ್ರ ತಂದೆಯೋರ್ಗಂತಾ?" ಎಂದು ಮತ್ತೆ ಕೇಳಿದ. ಹೌದೆಂದೆ.

"ಅಲ್ಲಿ ತಪ್ಪು ಬಾರ್ಸಿದ್ದು ನಂಗ್ ಕೇಳ್ನಿಲ್ಲ ಅಂದ್ಕೊಂಡಿದ್ಯಾ? ಬರಕಿಲ್ಲ ಅಣ್ಣಯ್ಯ ಅಂದಿದ್ರೆ ಆಗಕಿಲ್ವಾ? ನಿಂಗೆ ಸೈಕಲ್ ಕಲ್ಸ್ದೋನು ಯಾರ್ಲಾ?" ಎಂದ. ಅವನ ದನಿ ಅಷ್ಟು ಗಟ್ಟಿಯಾದದ್ದನ್ನು ನಾನು ಕೇಳಿರಲಿಲ್ಲ. ಹಿಟ್ಟು ತೆಗೆದುಕೊಂಡು ಹೋಗಲು ಬಂದಿದ್ದ ಹೆಂಗಸು ಬಾಗಿಲಲ್ಲೇ ನಿಂತಳು. ಅಣ್ಣ ಎದ್ದು ಹೋಗಿಬಿಟ್ಟ.

ಒಂಬತ್ತು ದಿನ ಮಾತಿಲ್ಲ. ಹತ್ತನೆಯ ದಿನ ಮಧ್ಯಾಹ್ನ ಅತ್ತಿಗೆ ಫೋನ್ ಮಾಡಿದರು. "ಬಾರಪ್ಪಾ, ಕರೀತಾವ್ರೆ. ಉಗಿಸ್ಕೊಳಕೆ ತಯಾರಾಗೇ ಬಾ," ಎಂದರು.

ಅಂಗಡಿಯಲ್ಲಿ ಅಣ್ಣ ಕತ್ತರಿಸುವ ಮೇಜಿನ ಮೇಲಿದ್ದ ಬಟ್ಟೆಯನ್ನೆಲ್ಲ ಪಕ್ಕಕ್ಕೆ ಸರಿಸಿದ್ದ. ಬಾ ಎನ್ನಲಿಲ್ಲ. "ಮೇಜಿನ್ ಮೇಲೆ ಕೈ ಇಡು," ಎಂದ. ಗಿಟಾರು ತೆಗೆದು ಮೆಟ್ಟಿಲ ಹಾಡು ಶುರು ಮಾಡಿದ. ನಾನು ಬೆರಳಿನಿಂದ ತಟ್ಟಿದೆ. ತಪ್ಪಿತು.

"ಓಡ್ಬ್ಯಾಡ. ಮುದುಕ ಇಳೀತಾವ್ನೆ. ಅವ್ನ್ ಕಾಲು ಮೆಟ್ಲಿಗೆ ತಾಗ್ಲಿ, ಆಮೇಲ್ ಕುಟ್ಟು."

ಮತ್ತೆ ತಪ್ಪಿತು. "ಹಿಟ್ ಬೀಸೋನ್ ಕೈಗೆ ಸುಮ್ನಿರದ್ ಗೊತ್ತಿಲ್ಲ," ಎಂದು ಬೈದ. ಅತ್ತಿಗೆ ಕಾಫಿ ತಂದಿಟ್ಟು, ನನ್ನನ್ನು ನೋಡಿ ನಕ್ಕು ಹೋದರು. ಆರನೆಯ ಸಲವೋ ಏಳನೆಯ ಸಲವೋ ಎರಡನೇ ಚರಣದ ಕೊನೆಯವರೆಗೆ ಸರಿಯಾಗಿ ಬಂದೆ. ನನಗೆ ಗೊತ್ತಿದ್ದ ಹಾಡು ಅಲ್ಲಿಗೆ ಮುಗಿಯಬೇಕು. ಕೈ ತೆಗೆಯಲು ಹೊರಟೆ. ಅಣ್ಣ ಗಿಟಾರು ನಿಲ್ಲಿಸದೆ ಕಣ್ಣಿನಲ್ಲೇ ತಡೆದು, ನಾನು ಕೇಳದೇ ಇದ್ದ ಒಂದು ಸಾಲು ಹಾಡಿದ. ಆಮೇಲೆ ಇನ್ನೊಂದು.

ಯಾವಾಗ ಬರೆದದ್ದು ಎಂದು ನಾನು ಕೇಳಲಿಲ್ಲ. ಕೈ ಮೇಲೆತ್ತಿ, ಅವನ ಕಾಲು ಕೆಳಗಿನ ಮೆಟ್ಟಿಲಿಗೆ ತಾಗಲಿ ಎಂದು ಕಾದೆ.