ಮೂರು ದಿನದ ವರ್ಷ

ಚೆನ್ನೈ ಅಂಚಿನ ಮಣಲಿಯ ಎಣ್ಣೆ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಸರ್ವಮಂಗಳಾ ಹದಿನಾಲ್ಕು ವರ್ಷದಿಂದ ಕೆಮಿಸ್ಟ್. ಯಾವ ಎಣ್ಣೆ ಎಷ್ಟು ಡಿಗ್ರಿಗೆ ಹೊತ್ತಿಕೊಳ್ಳುತ್ತದೆ ಎಂದು ಅಳೆದು, ಅಂಕಿಯ ಕೆಳಗೆ ಸಹಿ ಹಾಕುವುದು ಅವಳ ಕೆಲಸ. ದಾವಣಗೆರೆಯಲ್ಲಿ ಓದುವಾಗ ಹತ್ತಿದ ಆಕಾಶದ ಹುಚ್ಚು ಚೆನ್ನೈಗೆ ಬಂದಮೇಲೂ ಬಿಟ್ಟಿರಲಿಲ್ಲ.

೨೦೦೪ರಲ್ಲಿ, ದೂರದ ನಕ್ಷತ್ರವೊಂದರ ಬಳಿ ನೆಪ್ಚೂನಿನಂಥ ಗ್ರಹ ಸಿಕ್ಕಿದೆಯೆಂದು ಪೇಪರಿನಲ್ಲಿ ಬಂತು. ನಮ್ಮ ನೆಪ್ಚೂನಿಗೆ ಸೂರ್ಯನನ್ನು ಸುತ್ತಲು ನೂರರವತ್ತೈದು ವರ್ಷ ಬೇಕು. ಇದೋ, ನಕ್ಷತ್ರದ ಮಗ್ಗುಲಲ್ಲೇ ಕಾದು ಕೆಂಡವಾಗಿ, ಮೂರು ದಿನದೊಳಗೆ ಒಂದು ಸುತ್ತು ಮುಗಿಸುತ್ತದೆ. ಸರ್ವಮಂಗಳಾ ಎರಡು ಭಾನುವಾರ ಕೂತು, ನುಂಗಂಬಾಕ್ಕಂನ ಕನ್ನಡ ಕೂಟದ ರಾಜ್ಯೋತ್ಸವ ಸಂಚಿಕೆಗೆ ಅದರ ಬಗ್ಗೆ ಲೇಖನ ಬರೆದುಕೊಟ್ಟಳು.

ರಾಜ್ಯೋತ್ಸವದ ದಿನ ಕೂಟದ ಸಭಾಂಗಣದಲ್ಲಿ ಸಂಚಿಕೆ ಬಿಡಿಸಿದಳು. ‘ಮುನ್ನೂರು ದಿನದೊಳಗೆ’ ಎಂದು ಅಚ್ಚಾಗಿತ್ತು. ಮೈಯೆಲ್ಲ ಉರಿದುಹೋಯಿತು. ನೇರ ಸಂಪಾದಕ ಪದ್ಮನಾಭರ ಮುಂದೆ ಹೋಗಿ ನಿಂತಳು.

“ಯಾರನ್ನ ಕೇಳಿ ತಿದ್ದಿದ್ರಿ ಸರ್?”

“ಅಲ್ಲಮ್ಮ, ಮೂರು ದಿನಕ್ಕೆ ಒಂದು ವರ್ಷ ಆಗುತ್ಯೇ? ಓದಿದೋರು ನಗೋದಿಲ್ವೇ? ನಿಮ್ಮ ಮಾನ ಉಳಿಸಿದೀನಿ. ಕಳಿಸೋಕೆ ಮುಂಚೆ ಯಜಮಾನರಿಗೆ ತೋರಿಸಬೇಕಿತ್ತು.”

ಅವಳು ಹಂಚಲು ಇಟ್ಟಿದ್ದ ಕಟ್ಟುಗಳನ್ನು ಎಳೆದುಕೊಂಡು, ರೇಷ್ಮೆ ಸೀರೆಯಲ್ಲೇ ನೆಲಕ್ಕೆ ಕೂತು, ಒಂದೊಂದರಲ್ಲೂ ‘ಮುನ್ನೂರು’ ಹೊಡೆದುಹಾಕಿ ‘ಮೂರು’ ಎಂದು ಬರೆಯತೊಡಗಿದಳು.

“ಅಮ್ಮಾ, ಗೆಸ್ಟ್ ಬಂದುಬಿಟ್ಟಿದಾರೆ,” ಎಂದು ಪದ್ಮನಾಭ ಪೇಚಾಡಿದರು.

“ಕಾಯಲಿ.”

ಗಂಡ ರುದ್ರೇಶ್ ಬಗ್ಗಿ ಪಿಸುಗುಟ್ಟಿದ. “ಬಿಡು ಮಂಗಳಾ, ಒಂದು ಪದಕ್ಕೆ ಇಷ್ಟೇಕೆ? ಯಾರು ಓದ್ತಾರೆ ಇದನ್ನ?”

“ಕೆಳಗೆ ನಿಮ್ಮ ಹೆಸರು ಹಾಕ್ಯಾರೇನ್ರಿ?”

ರುದ್ರೇಶ್ ಜೇಬಿನ ಪೆನ್ನು ತೆಗೆದು ಅವಳ ಪಕ್ಕ ಕೂತ. ನೂರಾ ಅರವತ್ತು ಪ್ರತಿ ಮುಗಿಯುವವರೆಗೆ ಸಭೆ ಶುರುವಾಗಲಿಲ್ಲ.

ಹೊರಗಿನ ಸದಸ್ಯರಿಗೆ ನಲವತ್ತು ಪ್ರತಿ ಆಗಲೇ ಪೋಸ್ಟಾಗಿತ್ತು. ಮುಂದಿನ ಸಂಚಿಕೆಯಲ್ಲಿ ಕೇಸರಿಬಾತಿನ ವಿಧಾನದ ಕೆಳಗೆ ಒಂದು ಸಾಲು ಬಂತು: ‘ಲೇಖಕಿಯ ಆಗ್ರಹದ ಮೇರೆಗೆ ಮೂರು ಎಂದು ಓದಿಕೊಳ್ಳುವುದು.’ ಅದನ್ನು ಓದಿ ಅವಳಿಗೆ ಮತ್ತೆ ರೇಗಿತು. ತಪ್ಪು ಯಾರದೆಂದು ಅಲ್ಲೂ ಹೇಳಿರಲಿಲ್ಲ. ವಿಳಾಸದ ಪಟ್ಟಿ ಕೇಳಿ ತಂದು ನಲವತ್ತು ಕಾರ್ಡು ಬರೆದಳು. ಪದ್ಮನಾಭರ ಪತ್ರಿಕೆಗೆ ಮತ್ತೆಂದೂ ಲೇಖನ ಕೊಡಲಿಲ್ಲ.

ಉತ್ತರ ಬಂದದ್ದು ಒಂದೇ, ವೆಲ್ಲೂರಿನ ನಿವೃತ್ತ ಮೇಷ್ಟ್ರು ಹನುಮಂತಯ್ಯನವರದು. ‘ಅಷ್ಟು ಹತ್ತಿರ ಇದ್ದರೆ ಆ ಗ್ರಹ ಆವಿಯಾಗಿ ಹೋಗುವುದಿಲ್ಲವೇ, ತಾಯಿ?’ ಎಂದು ಕೇಳಿದ್ದರು.

ಆ ಭಾನುವಾರ ಸರ್ವಮಂಗಳಾ ಅವರಿಗೆ ಆರು ಪುಟ ಬರೆದಳು.